ಇಳಿತೂಕ

ಗುತ್ತಲು ರಸ್ತೆಯ ಕೊನೆಗೆ, ಗುಜರಿ ಅಂಗಡಿ ದಾಟಿದ ಮೇಲೆ
ನನ್ನ ವೇಬ್ರಿಜ್ಜು.
ಇಪ್ಪತ್ತೆರಡು ವರ್ಷದಿಂದ ಈ ಕಿಟಕಿಯಲ್ಲಿ ಕೂತು
ಕಬ್ಬು ತೂಗಿದ್ದೇನೆ, ಮರಳು, ಬೆಲ್ಲ, ಬೂಸಾ,
ಒಮ್ಮೆ ಸರ್ಕಸ್ಸಿನವರ ಒಂಟೆಯನ್ನೂ.
ಬಂದವರೆಲ್ಲ ಇಣುಕಿ ಕೇಳುವುದು ಒಂದೇ ಮಾತು:
‘ಇಷ್ಟೇನಾ? ಸರಿಯಾಗ್ ನೋಡಯ್ಯಾ.’
ತೂಕ ಕಮ್ಮಿ ಬಂತೆಂದು ನಕ್ಕವಳು
ಅವಳೊಬ್ಬಳೇ.

ಹಳೇ ಜೆನ್ನು. ಬೂದು ಬಣ್ಣ, ಬಲಗಡೆ ಬಾಗಿಲು ಮಾತ್ರ ಕೆಂಪು.
ಮೊದಲ ಭಾನುವಾರ ಏಳು ಕ್ವಿಂಟಾಲ್ ಅರವತ್ತು.
ವಿಶಾಲಾಕ್ಷಿ ಅಂಗೈ ಮೇಲೆ ಬರೆದುಕೊಂಡಳು.
ಜೊತೆಗೆ ಬಂದ ನೂರುಲ್ಲಾ
ಬೀಡಿ ಹಚ್ಚದೆ ಬಾಯಲ್ಲಿಟ್ಟು ಕಾರಿನ ಸುತ್ತ ಬಂದ,
ಸಂತೆಯಲ್ಲಿ ಹೋರಿಯ ಹಲ್ಲು ನೋಡುವವನ ಹಾಗೆ.

ಮುಂದಿನ ವಾರ ಹಿಂದಿನ ಸೀಟಿಲ್ಲ.
ಸ್ಟೆಪ್ನಿ, ಜಾಕು, ಕಾರ್ಪೆಟ್ಟು ಇಲ್ಲ. ಏಳು ಹತ್ತು.
ಸೀಟಿನಡಿ ಸಿಕ್ಕಿದ್ದನ್ನು ನನ್ನ ಮೇಜಿನ ಮೇಲೆ ಸುರಿದಳು:
ಒಂದು ರೂಪಾಯಿಯವು ಮೂರು, ಹೇರ್‌ಪಿನ್ನು,
ಯಾರದೋ ಮದುವೆಯ ತಾಂಬೂಲದ ಗೋಟಡಿಕೆ,
ಮುಂಚಿನ ಮಾಲೀಕರ ಮಗುವಿನ ಒಂದೇ ಬೂಟು.
‘ಎಲ್ಲಾ ಸೇರಿ ಕಾಲು ಕೆಜಿ ಇರಲ್ವಾ ಅಣ್ಣ?’

ಆಮೇಲೆ ಏಸಿ ಹೋಯಿತು, ಸ್ಪೀಕರು, ಬಾಗಿಲ ಒಳಹಾಳೆ.
ಆರು ಎಂಬತ್ತು.
ಹಾರ್ನೂ ಹೋಯಿತು;
ಅವತ್ತಿನಿಂದ ಗೇಟಿನ ಹೊರಗೆ ನಿಂತು
‘ಅಣ್ಣೋ’ ಅಂತ ಅವಳೇ ಕೂಗುತ್ತಾಳೆ.
ಹೆಸರನ್ನೂ ಬಿಡಲಿಲ್ಲ. ಕೆಂಪು ಬಾಗಿಲ ಮೇಲೆ
ಬಿಳಿ ಪೇಂಟಿನಲ್ಲಿ ಬರೀ ‘ವಿಶಾ’.
‘ಲಾಕ್ಷಿ ಎಲ್ಲವ್ವಾ?’ ಎಂದೆ.
‘ಪೇಂಟೂ ತೂಕಾನೇ ಕಣಣ್ಣ.’

ನಾಲ್ಕನೇ ವಾರ ಇಬ್ಬರ ಬೆರಳೂ ಕಪ್ಪು.
ನೆಲದ ತಗಡಿಗೆ ಅಂಟಿದ್ದ ಡಾಂಬರು ಹಾಳೆಗೆ
ಮಂಜುಗಡ್ಡೆ ಹೊದಿಸಿ, ಮರಗಟ್ಟಿಸಿ,
ಉಳಿಯಲ್ಲಿ ಚೂರು ಚೂರೇ ಎಬ್ಬಿಸಿ
ಮೂರು ರಾತ್ರಿ. ಒಂದು ಬಕೆಟ್ಟು.
ಕಾರು ಹತ್ತಿತು. ಆರು ಎಂಬತ್ತು.
‘ಕೆಟ್ಟೋಗೈತೆ’ ಅಂದ ನೂರುಲ್ಲಾ.
ಕೆಟ್ಟಿಲ್ಲ. ಟ್ರಾಕ್ಟರು ತೂಗುವ ಕಾಟಾ ಇದು,
ಹತ್ತು ಕೆಜಿಗೊಮ್ಮೆ ಕಣ್ಣು ಮಿಟುಕಿಸುತ್ತದೆ,
ನಡುವಿನದು ಅದಕ್ಕೆ ಕಾಣುವುದಿಲ್ಲ.
ಹೇಳಲು ಬಾಯಿ ಬರಲಿಲ್ಲ. ಆದರೂ ಹೇಳಿದೆ.
ಅವಳು ಸ್ಪಾನರ್ ಹಿಡಿದು ಅಲ್ಲೇ, ಬ್ರಿಜ್ಜಿನ ಮೇಲೇ
ಹಿಂದಿನ ವೈಪರ್ ಮೋಟಾರು ಬಿಚ್ಚಲು ಕೂತಳು.
ಹಿಂದೆ ಕಬ್ಬಿನ ಲೋಡು ನಾಲ್ಕು ನಿಂತಿದ್ದವು.
ಒಬ್ಬ ಇಳಿದು ಬಂದ. ಬಯ್ಯಲು ಬಾಯಿ ತೆರೆದವನು
ತಾನೂ ನಂಬರು ನೋಡುತ್ತ ನಿಂತ.
ಮೋಟಾರು ಎದೆಗವಚಿಕೊಂಡು ಅವಳು ಕೆಳಗೆ ಹಾರಿದಳು.
ಆರು ಎಪ್ಪತ್ತು!
ಆ ಮನುಷ್ಯ ಸೀಟಿ ಹೊಡೆದ.
ಐದು ನಿಮಿಷದ ಮೇಲೆ ತನ್ನ ಲೋಡಿಗೆ
‘ಇಷ್ಟೇನಾ?’ ಎಂದು ನನ್ನನ್ನೇ ದಬಾಯಿಸಿದ.

ಆಮೇಲೆ ಪೈಪಿನ ಪಂಜರ ಬಂತು,
ಒಳಗೆ ಅಡ್ಡಡ್ಡ ಬೆಸುಗೆ ಹಾಕಿದ್ದು.
ಏಳು ಕ್ವಿಂಟಾಲ್, ಸರಿಯಾಗಿ.
ಹೆರೆದು ಹೆರೆದು ಇಳಿಸಿದ್ದರಲ್ಲಿ ಮೂವತ್ತು ವಾಪಸ್ಸು.
ಯಾರೂ ಮಾತಾಡಲಿಲ್ಲ.
‘ಮಗುಚಿದ್ರೆ ಬೇಕಲ್ಲ’ ಎಂದ ನೂರುಲ್ಲಾ, ನೆಲಕ್ಕೆ.
ಅವಳು ಪೈಪಿಗೆ ಬೆರಳಲ್ಲಿ ತಟ್ಟಿ ಕೇಳಿದಳು,
ಮಡಕೆ ಕೊಳ್ಳುವವರು ತಟ್ಟುವ ಹಾಗೆ.
ಬಿಚ್ಚುವ ಮಾತು ಅವಳೂ ಆಡಲಿಲ್ಲ.

ನಾಳೆ ಬನ್ನೂರು ಕಡೆ,
ಸೈಟು ಮಾರಾಟವಾಗದ ಲೇಔಟೊಂದರ ಕೆಮ್ಮಣ್ಣಿನಲ್ಲಿ
ಹದಿನಾಲ್ಕು ಕಾರಿನ ಪಂದ್ಯವಂತೆ.
ಹೆಲ್ಮೆಟ್ ಹಾಕಿ ಒಳಗೆ ಕೂತಳು.
‘ಈಗ ತೂಗಣ್ಣ, ನಾನೂ ಸೇರಿ.’
ಒಟ್ಟು ಏಳು ಐವತ್ತು. ಖಾಲಿ ಗಾಡಿ ಏಳು.
ನಿವ್ವಳ ಐವತ್ತು ಕೆಜಿ.
ಚೀಟಿಗೆ ಸರಕಿನ ಹೆಸರು ಬೇಕು,
ಕಂಪ್ಯೂಟರು ಖಾಲಿ ಬಿಡಲು ಒಪ್ಪುವುದಿಲ್ಲ.
ಕಬ್ಬು, ಮರಳು, ಗುಜರಿ, ಬೆಲ್ಲ.
ಗುಜರಿಯ ಮೇಲೆ ನಿಂತಿತ್ತು ಬೆರಳು.
ಬೆಲ್ಲ ಒತ್ತಿದೆ.

ಓದಿದಳು. ಮಡಿಸಿ ಗ್ಲೌಸಿನೊಳಗೆ ತುರುಕಿಕೊಂಡಳು.
‘ಇನ್ನೊಂದು ಕಾಪಿ ಐತೆ, ತಗೋ’ ಎಂದೆ.
ಗಾಜಿಲ್ಲದ ಕಿಟಕಿಯಿಂದ ಕೈಯಾಡಿಸಿದಳು:
‘ಬ್ಯಾಡಣ್ಣ. ಭಾರ.’